ಕಾಲುವೆ ಸೀಮೆಯ ಕ್ಲೌಡು

ವಾರಕ್ಕೊಂದಾದರೂ ಇಂಥ ಪ್ರಸಂಗ ನಡೆಯದಿದ್ದರೆ ಆಫೀಸಿಗೆ ಹೋಗಿದ್ದೆನೋ ಇಲ್ಲವೋ ಅಂತ ನನಗೇ ಅನುಮಾನ ಬರುತ್ತದೆ. ನಡೆಯುವಾಗ ಮಾತ್ರ ಒಂದಕ್ಕೂ ನಗು ಬರುವುದಿಲ್ಲ, ತಲೆ ಚಚ್ಚಿಕೊಳ್ಳೋಣ ಅನ್ನಿಸುತ್ತದೆ. ಸಂಜೆ ಮನೆಗೆ ಹೋಗಿ ಅತ್ತೆಗೆ ಹೇಳುತ್ತೇನೆ. ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಾರಲ್ಲ, ಆಗ ನನಗೂ ಗೊತ್ತಾಗುತ್ತದೆ, ಇದು ನಗಬೇಕಾದ ವಿಷಯ ಅಂತ.

ನಮ್ಮದು ಹೊಸಪೇಟೆಯಲ್ಲಿ ಸ್ಟೀಲ್ ಪಾತ್ರೆ ಅಂಗಡಿಯ ಮೇಲಿರುವ ಪುಟ್ಟ ಆಫೀಸು. ಅದರಲ್ಲಿರುವುದು ಆಫೀಸಿನ ಯಜಮಾನರು ಮತ್ತು ಅವರ ಕೈಕೆಳಗೆ ನಾನು, ಇಬ್ಬರೇ. ಎಲ್ಲೋ ದೂರದ ಊರಿನಲ್ಲಿ ದೊಡ್ಡ ಕಂಪನಿಯವರು ಇಟ್ಟಿರುವ ಭಾರಿ ಕಂಪ್ಯೂಟರಿನಲ್ಲಿ ನಾವು ಜಾಗ ಬಾಡಿಗೆಗೆ ಹಿಡಿದಿದ್ದೇವೆ, ಕ್ಲೌಡು ಅನ್ನುವುದು ಇದಕ್ಕೇ. ಆ ಜಾಗವನ್ನು ಪಾಲು ಮಾಡಿ ನಮ್ಮ ಗಿರಾಕಿಗಳಿಗೆ ಕೊಡುತ್ತೇವೆ. ಒಂದೊಂದು ಪಾಲೂ ತಾನೇ ಒಂದು ಕಂಪ್ಯೂಟರ್ ಅನ್ನುವ ಹಾಗೆ ನಡೆದುಕೊಳ್ಳುತ್ತದೆ. ಅದಕ್ಕೆ ವರ್ಚುವಲ್ ಮಷಿನ್ ಅನ್ನುತ್ತಾರೆ. ಕಣ್ಣಿಗೆ ಕಾಣುವುದಿಲ್ಲ, ಕೈಗೆ ಸಿಗುವುದಿಲ್ಲ, ಕೆಲಸ ಮಾತ್ರ ಮಾಡುತ್ತದೆ. ಯಾರ ಪಾಲು ಸಾಲುತ್ತಿಲ್ಲ, ಯಾರದ್ದು ಸುಮ್ಮನೆ ಕೂತಿದೆ ಅಂತ ನೋಡಿ ಹಂಚುವುದು ನನ್ನ ಕೆಲಸ. ಮದುವೆ ಮನೆಯ ಪಂಕ್ತಿಯಲ್ಲಿ ಪಾಯಸ ಬಡಿಸುವವರ ಕಷ್ಟ ಗೊತ್ತಿದ್ದವರಿಗೆ ನನ್ನ ಕಷ್ಟವೂ ಗೊತ್ತಾಗುತ್ತದೆ.

ಗಿರಾಕಿಗಳೆಂದರೆ ಸಂಡೂರಿನ ಒಂದು ಲಾರಿ ಆಫೀಸು, ಹಂಪಿಯ ಒಂದು ಗೆಸ್ಟ್ ಹೌಸು, ಮತ್ತು ಕಂಪ್ಲಿ ಸುತ್ತಮುತ್ತಲಿನ ಅಕ್ಕಿ ಮಿಲ್ಲುಗಳು. ನಮ್ಮ ಹೊಟ್ಟೆ ತುಂಬುವುದು ಕಂಪ್ಲಿಯಿಂದಲೇ. ಮಿಲ್ಲಿಗೆ ಭತ್ತದ ಟ್ರ್ಯಾಕ್ಟರ್ ಬಂದರೆ ತೂಕ ಹಾಕುತ್ತಾರೆ, ತೂಕ ನಮ್ಮ ಮಷಿನ್ನಿಗೆ ಹೋಗುತ್ತದೆ, ಅಲ್ಲಿಂದ ಚೀಟಿ ಬಂದರೇನೇ ಟ್ರ್ಯಾಕ್ಟರ್ ಒಳಗೆ. ಹಿಂದಿನ ಸುಗ್ಗಿಯಲ್ಲಿ ಒಂದು ಮಧ್ಯಾಹ್ನ ನಮ್ಮ ಮಷಿನ್ ಕೈಕೊಟ್ಟಿತ್ತು. ಟ್ರ್ಯಾಕ್ಟರ್ ಸಾಲು ಬಸ್ ಸ್ಟ್ಯಾಂಡಿನ ತನಕ ಬೆಳೆದು ಗಂಗಾವತಿ ಬಸ್ಸು ಸಿಕ್ಕಿಹಾಕಿಕೊಂಡಿತು. ಬಸ್ಸಿನಲ್ಲಿ ಮದುವೆಗೆ ಹೊರಟಿದ್ದ ನಿಬ್ಬಣದವರು ಇಳಿದು ಬಂದು ಮಿಲ್ಲಿನ ಅಂಗಳದಲ್ಲೇ ಬುತ್ತಿ ಬಿಚ್ಚಿದರಂತೆ. ಮಿಲ್ಲಿನವರಿಗೆಲ್ಲ ಹಿರಿಯರಾದ ಸಾಹುಕಾರರು ಅವತ್ತೇ ನಮ್ಮ ಯಜಮಾನರಿಗೆ ಫೋನ್ ಮಾಡಿದ್ದರು.

"ಬರೋ ಸುಗ್ಗ್ಯಾಗ ಇನ್ನೊಂದು ಸಲ ನಿಂತ್ರ ಎಲ್ಲಾ ಮಿಲ್ಲಿನ ಕೆಲಸಾನೂ ಬಳ್ಳಾರಿಯವರಿಗೆ ಕೊಡ್ತೀವ್ರಿ. ಮನಸಿಗೆ ಹಚ್ಕೋಬ್ಯಾಡ್ರಿ."

ಹಚ್ಚಿಕೊಳ್ಳದೆ ಏನು ಮಾಡುವುದು? ಕಂಪ್ಲಿ ಹೋದರೆ ಆಫೀಸು ಹೋಯಿತು. ಆಫೀಸು ಹೋದರೆ ಈ ಊರಲ್ಲಿ ನನಗೆ ಈ ಕೆಲಸ ಇನ್ನೊಂದು ಕಡೆ ಇಲ್ಲ, ಮತ್ತೆ ಏಳನೇ ಕ್ಲಾಸಿನವರಿಗೆ ಗಣಿತದ ಟ್ಯೂಷನ್ನೇ ಗತಿ. ನನಗೆ ಈ ಕೆಲಸ ಇಷ್ಟ. ಹಾಗಾಗಿ ಮುಂದಿನ ಸುಗ್ಗಿಯ ತನಕ ನಾನು ಜೀವ ಕೈಯಲ್ಲಿ ಹಿಡಿದುಕೊಂಡೇ ಇದ್ದೆ. ಆ ಜೀವ ತೆಗೆಯಲು ಯಾರ್‍ಯಾರು ಹೇಗೆ ಹೇಗೆ ನೋಡಿದರು ಅನ್ನುವುದೇ ಈ ಕಥೆ.

ಆರಿಸುವ ಕೈ

ಮೊದಲು ನನ್ನ ಜೀವ ತೆಗೆಯಲು ನೋಡಿದವರು ನಮ್ಮ ಯಜಮಾನರೇ. ಅವರು ಕರೆಂಟಿನ ಇಲಾಖೆಯಲ್ಲಿದ್ದು ರಿಟೈರ್ ಆದವರು. ಬೆಳಿಗ್ಗೆ ಹಣೆಗೆ ನಾಮ, ಅಂಗಾರ ಅಕ್ಷತೆ ಇಟ್ಟುಕೊಂಡು ಬಂದು ಕೂತರೆ ಸಂಜೆಯ ತನಕ ಅವರಿಗೆ ಇರುವ ಚಿಂತೆ ಒಂದೇ, ಎಲ್ಲಾದರೂ ಏನಾದರೂ ಸುಮ್ಮನೆ ಉರಿಯುತ್ತಿದೆಯಾ ಅಂತ. ನಾನು ನೀರು ಕುಡಿಯಲು ಎದ್ದರೆ ನನ್ನ ತಲೆಯ ಮೇಲಿನ ಫ್ಯಾನ್ ನಿಲ್ಲುತ್ತದೆ. ಇಂಥವರು ಒಂದು ದಿನ, ಮಷಿನ್‌ಗಳನ್ನು ನೋಡುವ ಆ್ಯಪ್ ತಮ್ಮ ಫೋನಿಗೂ ಹಾಕಿಕೊಡು ಅಂದರು. ಹಾಕಿಕೊಟ್ಟೆ.

ಮಾರನೇ ದಿನ ಮಧ್ಯಾಹ್ನ ಕಂಪ್ಲಿ ಮಿಲ್ಲಿನ ಗುಮಾಸ್ತರ ಫೋನು. "ಮೇಡಂ, ಬಂದ್ ಆಗೈತ್ರಿ."

ನೋಡಿದರೆ ನಿಜವಾಗಿಯೂ ಮಷಿನ್ ಬಂದ್. ಕೆಟ್ಟು ನಿಂತದ್ದಲ್ಲ, ಯಾರೋ ನಿಲ್ಲಿಸಿದ್ದು. ಯಾರೋ ಕಳ್ಳರು ನುಗ್ಗಿದ್ದಾರೆ ಅಂದುಕೊಂಡೆ. ಒಳಕೋಣೆಗೆ ಓಡಿದೆ. ಯಜಮಾನರು ಮೊಸರನ್ನದ ಡಬ್ಬಿ ಮುಂದಿಟ್ಟುಕೊಂಡು ಶಾಂತವಾಗಿ ಕೂತಿದ್ದರು.

"ಅದಾ? ನಾನೇ ಆರಿಸೇನಮ್ಮ," ಅಂದರು. "ಊಟದ ಹೊತ್ತಲ್ಲೇನು, ಅಲ್ಲಿ ಯಾರೂ ಇರಂಗಿಲ್ಲ. ಸುಮ್ನೆ ಯಾಕ ಉರೀಬೇಕು?"

ದೇವರ ದಯೆ, ಆಗಿನ್ನೂ ಸುಗ್ಗಿ ಅಲ್ಲ. ಅವತ್ತೇ ಅವರ ಫೋನಿನಲ್ಲಿ ಆರಿಸುವ ಗುಂಡಿ ತೆಗೆದು, ಬರೀ ನೋಡಲು ಬಿಟ್ಟೆ. ಅದು ಇನ್ನೂ ಕಷ್ಟಕ್ಕೆ ಬಂತು. ಆರಿಸಲು ಆಗದವರು ನೋಡಿ ನೋಡಿ ಸಂಕಟಪಡತೊಡಗಿದರು. ಭಾನುವಾರ ನಾನು ತಲೆಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದರೂ ಫೋನು. "ಕಡೀದೊಂದು ಮಷಿನ್ ಅದ ನೋಡಮ್ಮ, ನಾ ನೋಡಿದಾಗಿನಿಂದ ಒಂದು ಕೆಲಸ ಮಾಡಿಲ್ಲ. ಸುಮ್ನೆ ಕೂತದ."

"ಅದು ಸುಮ್ನ ಕೂಡಬೇಕಾದ್ದ ಸರ್. ಬ್ಯಾರೇದು ಯಾವುದಾರ ಕೆಟ್ರ ಅದರ ಜಾಗಕ್ಕ ಏಳಲಿ ಅಂತ ಇಟ್ಟೀನಿ. ಅಲ್ಲೀತನಕ ಅದಕ್ಕ ಏನೂ ಕೆಲಸ ಇಲ್ಲ, ಎಚ್ಚರ ಇದ್ರ ಸಾಕು."

ಯಜಮಾನರು ಮೆತ್ತಗೆ ಅಂದರು, "ಅಂದ್ರ ಆಫೀಸಿನಾಗ ನಾ ಇದ್ದಂಗ."

ಅವತ್ತಿನಿಂದ ಆ ಮಷಿನ್ ಮೇಲೆ ಒಂದು ದೂರಿಲ್ಲ. ಬೆಳಿಗ್ಗೆ ಬಂದ ಕೂಡಲೇ ಮೊದಲು ಅದರ ಕ್ಷೇಮ ಸಮಾಚಾರ ಕೇಳುತ್ತಾರೆ.

ಖಾಲಿ ಗಾಡಿ

ಸಂಡೂರಿನ ಲಾರಿ ಆಫೀಸಿನವರು ಹೊಸ ಕಟ್ಟಡಕ್ಕೆ ಹೋಗುವವರಿದ್ದರು. ಅದಿರಿನ ಲಾರಿಗಳು ಯಾವ ಗಣಿಗೆ ಯಾವಾಗ ಹೋಗಬೇಕು ಅನ್ನುವ ಲೆಕ್ಕವೆಲ್ಲ ನಮ್ಮ ಮಷಿನ್ನಿನಲ್ಲೇ ನಡೆಯುವುದು. ಒಂದು ಬೆಳಿಗ್ಗೆ ಅವರ ಮ್ಯಾನೇಜರು ಒಂದು ಸಣ್ಣ ಗೂಡ್ಸ್ ಗಾಡಿ, ಇಬ್ಬರು ಹಮಾಲರು, ಒಂದು ದಪ್ಪ ಹಗ್ಗದ ಸಮೇತ ನಮ್ಮ ಮೆಟ್ಟಿಲು ಹತ್ತಿ ಬಂದರು.

"ಎಲ್ಲೈತ್ರಿ ಮೇಡಂ ನಮ್ಮ ಮಷಿನ್? ಇವತ್ತ ಹೊಸ ಆಫೀಸಿನ ಪೂಜಾ. ಒಯ್ದು ಕುಂದ್ರಿಸಿಬಿಡ್ತೀವಿ."

"ಅದು ಇಲ್ಲಿ ಇಲ್ರಿ ಸರ್. ಒಯ್ಯೋ ಅಂಥಾದ್ದೂ ಅಲ್ಲ. ನೀವು ಎಲ್ಲಿ ಕುಂತ್ರೂ ಅದು ತನ್ನ ಪಾಡಿಗೆ ಕೆಲಸ ಮಾಡತೈತಿ."

"ಮತ್ತ ಎಲ್ಲೈತ್ರಿ?"

"ಭಾಳ ದೂರ ಐತ್ರಿ."

"ದೂರ ಆದ್ರೇನ್ರಿ? ಟ್ಯಾಂಕ್ ಫುಲ್ ಮಾಡಿಸೀನಿ, ನಡ್ರಿ ಹೋಗಿ ತರೋಣು."

ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದೆ. ದೊಡ್ಡ ಚೌಕ, ಅದರೊಳಗೆ ಸಣ್ಣ ಚೌಕ, ಅದೇ ನಿಮ್ಮದು ಅಂದೆ. ಅವರು ಚಿತ್ರ ನೋಡಿದರು, ನನ್ನನ್ನು ನೋಡಿದರು, ಹಮಾಲರ ಕಡೆ ನೋಡಿದರು. ಅವರ ನಿಜವಾದ ಸಂಕಟ ಬೇರೆಯೇ ಇತ್ತು. ಲಾರಿಯ ಕಸುಬಿನವರಿಗೆ ಗಾಡಿ ಖಾಲಿ ತಿರುಗುವುದಕ್ಕಿಂತ ದೊಡ್ಡ ಅವಮಾನ ಇಲ್ಲ.

"ಪೂಜಾ ದಿನ ಖಾಲಿ ಗಾಡಿ ಒಯ್ದು ಬಾಗಲಿಗೆ ನಿಲ್ಲಿಸಿದ್ರ ನಮ್ಮ ಮಾಲಕರು ನನ್ನ ಮಾರಿ ನೋಡಂಗಿಲ್ರಿ," ಅಂದರು. ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಆಗ ನಮ್ಮ ಯಜಮಾನರ ದೃಷ್ಟಿ ಬಾಗಿಲ ಹಿಂದಿನ ಯುಪಿಎಸ್ ಮೇಲೆ ಬಿತ್ತು. ಅದು ಸತ್ತು ಎಷ್ಟೋ ಕಾಲವಾಗಿತ್ತು. ಕಬ್ಬಿಣದ ಟ್ರಂಕಿನಷ್ಟು ದೊಡ್ಡದು, ತೆಗೆಸಿ ತೆಗೆಸಿ ಅಂತ ನಾನು ಗೋಗರೆಯುತ್ತಲೇ ಇದ್ದೆ. ಗುಜರಿಯವರು ಅದರ ಭಾರ ನೋಡಿಯೇ ಮೆಟ್ಟಿಲಿಳಿದು ಹೋಗಿದ್ದರು. "ಇದನ್ನರ ಒಯ್ರಿ," ಅಂದರು ಯಜಮಾನರು. ಹಮಾಲರು ಹಗ್ಗ ಬಿಗಿದು ಇಳಿಸುವಾಗ ಒಂದೊಂದು ಮೆಟ್ಟಿಲಿಗೂ ಉಸ್ಸಪ್ಪಾ ಅಂದರು. ಆ ಉಸ್ಸಪ್ಪಾ ಕೇಳುತ್ತ ಮ್ಯಾನೇಜರ ಮುಖ ಅರಳುತ್ತ ಹೋಯಿತು. "ತೂಕ ಐತಿ, ಮಸ್ತ್ ಐತಿ," ಅಂದರು. ಇದು ನಿಮ್ಮ ಮಷಿನ್ ಅಲ್ಲ, ಸತ್ತ ಯುಪಿಎಸ್ ಅಂತ ನಾನು ಗಾಡಿಯ ಪಕ್ಕ ಓಡುತ್ತ ಹೇಳಿದೆ. ಅವರು, ಇರಲಿ ಇರಲಿ, ಅಂತ ಕೈ ಮುಗಿದು ಹೊರಟೇ ಹೋದರು.

ಸ್ವಲ್ಪ ದಿನಕ್ಕೆ ಅವರದೇ ಫೋನು ಬಂತು. ಪೂಜೆಯಲ್ಲಿ ಅದಕ್ಕೆ ಹೂವಿನ ಹಾರ ಹಾಕಿದ್ದರಂತೆ, ಮಾಲಕರು ಭಾಳ ಖುಷಿಪಟ್ಟರಂತೆ.

"ಖರೇ ಹೇಳ್ತೀನ್ರಿ ಮೇಡಂ, ಇಲ್ಲಿಗೆ ತಂದು ಕುಂದ್ರಿಸಿದ ಮ್ಯಾಲ ಸ್ಪೀಡ್ ಭಾಳ ಚಲೋ ಆಗೈತಿ. ಇಷ್ಟು ದಿನ ಯಾಕ್ರಿ ನೀವು ಇಟ್ಕೊಂಡಿದ್ರಿ?"

ಹಂಪಿಯ ಮಾಳಿಗೆ

ಸುಗ್ಗಿ ಹತ್ತಿರ ಬರುತ್ತಿತ್ತು. ಮಿಲ್ಲುಗಳಿಗೆಲ್ಲ ಹೆಚ್ಚು ಜಾಗ ಬೇಕು. ಹೆಚ್ಚು ಬಾಡಿಗೆ ಕೊಡಲು ಯಜಮಾನರು ತಯಾರಿಲ್ಲ. ಇದೇ ಚರ್ಚೆ ಮಾಡುತ್ತ ಒಂದು ದಿನ ಇಬ್ಬರೂ ಹಂಪಿಯ ಗೆಸ್ಟ್ ಹೌಸಿಗೆ ಹೋಗಿದ್ದೆವು, ಅಲ್ಲಿನ ಬುಕಿಂಗ್ ಪುಟ ನಿಧಾನವಾಗಿದೆ ಅಂತ ನಡೆಸುವ ಅಕ್ಕ ಕರೆದಿದ್ದರು. ಅವರು ಚಹಾ ಕೊಡುತ್ತ ತಮ್ಮ ವ್ಯವಹಾರದ ಗುಟ್ಟು ಹೇಳಿದರು.

"ಇರೋ ರೂಮಿಗಿಂತ ನಾಕು ಬುಕಿಂಗ್ ಹೆಚ್ಚಿಗಿ ತಗೋತೀನ್ರಿ. ಹೆಂಗಿದ್ರೂ ನಾಕು ಮಂದಿ ಬರಂಗಿಲ್ಲ. ಒಬ್ರಿಗೆ ಜ್ವರ, ಒಬ್ರಿಗೆ ಗೋಕರ್ಣದಾಗ ಮನಸು ಕುಂತಿರತೈತಿ."

ಯಜಮಾನರಿಗೆ ಜ್ಞಾನೋದಯವಾಯಿತು. ವಾಪಸ್ ಬರುವಾಗ ಆಟೋದಲ್ಲೇ ಶುರು ಮಾಡಿದರು. "ನಮ್ಮ ಮಷಿನ್‌ಗಳೂ ಅರ್ಧ ಹೊತ್ತು ಮಲಗೇ ಇರ್ತಾವಲ್ಲಮ್ಮ. ಇದ್ದ ಜಾಗಕ್ಕಿಂತ ಹೆಚ್ಚು ಕೊಟ್ಟೇವಿ ಅಂತ ಹೇಳಿಬಿಡು."

"ಎಲ್ಲಾರೂ ಒಂದ ದಿನ ಬಂದ್ರ, ಸರ್?"

"ಆಕಿ ಗೆಸ್ಟ್ ಹೌಸಿಗೆ ಬಂದಾರೇನು?" ಅಂತ ಅಲ್ಲಿಂದಲೇ ಫೋನ್ ಹಚ್ಚಿ ಸ್ಪೀಕರ್ ಒತ್ತಿದರು. ನನ್ನನ್ನು ಸೋಲಿಸುವ ಉಮೇದು.

"ಬಂದಿದ್ರಲ್ರಿ, ಹೋದ ವಾರನ," ಅಂದರು ಅಕ್ಕ. "ಒಬ್ರೂ ತಪ್ಪಿಸಲಿಲ್ಲ. ಏನು ಮಾಡ್ಲಿ? ಮಾಳಿಗಿ ಮ್ಯಾಲ ಚಾಪಿ ಹಾಸಿ, ಸೊಳ್ಳಿ ಪರದೆ ಕಟ್ಟಿ, ಇದು ಆಕಾಶದ ಚಿಕ್ಕಿ ನೋಡೋ ರೂಮು ಅಂದೆ. ಈಗ ಕೆಳಗಿನ ರೂಮಿನವರು ಜಗಳ ತೆಗದಾರ್ರಿ, ನಮಗ್ಯಾಕ ಅದನ್ನ ಕೊಡಲಿಲ್ಲ ಅಂತ."

ಯಜಮಾನರು ಫೋನು ಜೇಬಿಗಿಟ್ಟು ಕಮಲಾಪುರದ ತನಕ ಬೆರಳು ಮಡಚಿ ಏನೋ ಲೆಕ್ಕ ಹಾಕಿದರು. ಆಮೇಲೆ ಗಂಭೀರವಾಗಿ ನನ್ನ ಕಡೆ ತಿರುಗಿದರು.

"ಅಲ್ಲಮ್ಮ, ನಮ್ಮ ಆ ದೊಡ್ಡ ಕಂಪ್ಯೂಟರಿಗೆ ಮಾಳಿಗಿ ಇರಂಗಿಲ್ಲೇನು?"

ಗೇಟು ಬಿಟ್ಟು ಎದ್ದರೆ ಹೋಯಿತು

ಮಾಳಿಗೆ ಇರಲಿಲ್ಲ. ಅದಕ್ಕೇ ನಾನೊಂದು ದಾರಿ ಹುಡುಕಿದೆ. ಯಾವ ಮಿಲ್ಲಿನ ಮಷಿನ್ ಸುಮ್ಮನೆ ಕೂತಿದೆಯೋ ಅದರ ಪಾಲು ಆ ಹೊತ್ತಿಗೆ ಪಕ್ಕದ ಮಿಲ್ಲಿಗೆ ಹೋಗಲಿ. ಅವರಿಗೆ ಕೆಲಸ ಬಂದ ಕೂಡಲೇ ಪಾಲು ತಾನಾಗಿ ಹಿಂದಕ್ಕೆ ಬರಲಿ. ಎಲ್ಲರಿಗೂ ಒಂದೇ ಗಳಿಗೆಯಲ್ಲಿ ಟ್ರ್ಯಾಕ್ಟರ್ ಬರುವುದಿಲ್ಲವಲ್ಲ. ನನಗೆ ನನ್ನ ಬುದ್ಧಿಯ ಮೇಲೆ ಭಾರಿ ಹೆಮ್ಮೆಯಾಯಿತು.

ಇದನ್ನು ತಿಳಿಸಿ ಹೇಳಲು ಬಸ್ಸು ಹತ್ತಿ ಕಂಪ್ಲಿಗೆ ಹೋದೆ. ಸಾಹುಕಾರರ ಮಿಲ್ಲಿನಲ್ಲೇ ಎಲ್ಲ ಮಿಲ್ಲಿನವರೂ ಸೇರಿದ್ದರು. ಸಾಹುಕಾರರ ಜೊತೆ ಮೊದಲಿನಿಂದ ಪೈಪೋಟಿ ಇರುವ ಮೆಟ್ರಿ ಕಡೆಯ ಮಿಲ್ಲಿನ ಗೌಡರೂ ಬಂದಿದ್ದರು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಸಮಾರಾಧನೆ ಜೋರಾಗಿ ನಡೆದಿತ್ತು. ನಾನು ಎದ್ದು ನಿಂತು ಹೇಳಿದೆ, "ನೀವು ಬಳಸದಿದ್ದಾಗ ನಿಮ್ಮ ಪಾಲು ಪಕ್ಕದವರಿಗೆ ಹೋಗತೈತ್ರಿ. ನಿಮಗ ಬೇಕಾದಾಗ ತಿರುಗಿ ಬರತೈತಿ."

ಬಜ್ಜಿ ಹಿಡಿದ ಕೈಗಳು ಹಾಗೇ ನಿಂತವು. ಯಾರೂ ಏನೂ ಕೇಳಲಿಲ್ಲ. ಒಪ್ಪಿಗೆ ಅಂದುಕೊಂಡು ನಾನು ಖುಷಿಯಿಂದ ವಾಪಸ್ ಬಂದೆ. ಎಂಥ ದಡ್ಡಿ ನಾನು! ಇವರೆಲ್ಲ ಕಾಲುವೆಯ ನೀರಿನಲ್ಲಿ ಬೆಳೆದವರು. ಕೆಳಗಿನ ಹೊಲಕ್ಕೆ ಹರಿದ ನೀರು ತಿರುಗಿ ಮೇಲೆ ಬಂದದ್ದನ್ನು ಇವರ ವಂಶದಲ್ಲೇ ಯಾರೂ ಕಂಡವರಲ್ಲ. ತಮ್ಮ ನೀರಿನ ಪಾಳಿ ಬಂದಾಗ ಗದ್ದೆ ತುಂಬಿ ತುಳುಕುತ್ತಿದ್ದರೂ ಸರಿ, ಟವೆಲ್ ಹಾಸಿಕೊಂಡು ಕಾಲುವೆಯ ಗೇಟಿನ ಹತ್ತಿರ ಕೂತೇ ಇರಬೇಕು. ಎದ್ದು ಹೋದರೆ ಪಕ್ಕದವನು ತಿರುಗಿಸಿಕೊಳ್ಳುತ್ತಾನೆ, ಬರುವ ವರ್ಷ ನಿನಗೆ ಬೇಡವಾಗಿತ್ತಲ್ಲ ಅನ್ನುತ್ತಾನೆ. ಇಂಥವರ ಮುಂದೆ ನಾನು ನಗುನಗುತ್ತ, ನಿಮ್ಮ ಪಾಲು ಪಕ್ಕದವರಿಗೆ ಹೋಗುತ್ತದೆ ಅಂದಿದ್ದೆ.

ಸುಗ್ಗಿಯ ಮೊದಲ ದಿನ ಬೆಳಿಗ್ಗೆ ಪರದೆ ನೋಡಿದರೆ ಎಲ್ಲ ಮಿಲ್ಲಿನ ಮಷಿನ್ನೂ ಕುತ್ತಿಗೆಯ ತನಕ ತುಂಬಿದೆ. ಗುಮಾಸ್ತರಿಗೆ ಫೋನ್ ಮಾಡಿದೆ.

"ಎಷ್ಟು ಟ್ರ್ಯಾಕ್ಟರ್ ಬಂದಾವ್ರಿ?"

"ಇನ್ನೂ ಒಂದೂ ಬಂದಿಲ್ರಿ."

"ಮತ್ತ ಇಷ್ಟೊಂದು ಏನು ಮಾಡಾಕತ್ತೀರಿ?"

"ಹಿಡಕೊಂಡು ಕುಂತೀವ್ರಿ," ಅಂದು ಫೋನ್ ಇಟ್ಟರು.

ಮಧ್ಯಾಹ್ನದ ಹೊತ್ತಿಗೆ ಟ್ರ್ಯಾಕ್ಟರುಗಳು ಬಂದವು, ಚೀಟಿ ಮಾತ್ರ ಬರಲಿಲ್ಲ. ಯಜಮಾನರ ಫೋನಿನಲ್ಲಿ ಸಾಹುಕಾರರ ಕರೆ ಹೊಡೆದುಕೊಳ್ಳುತ್ತಿತ್ತು. "ನೀ ಕಂಪ್ಲಿಗೆ ಹೋಗಮ್ಮ," ಅಂದರು ಯಜಮಾನರು. "ನಾ ಇಲ್ಲೇ ಕೂತು ಬೈಸಿಕೊಂತೀನಿ. ಎಚ್ಚರ ಇದ್ದೀನಿ."

ಮಿಲ್ಲಿಗೆ ಹೋಗಿ ನೋಡುತ್ತೇನೆ, ಒಂದು ಕಂಪ್ಯೂಟರಿನ ಮುಂದೆ ಗುಮಾಸ್ತರು, ಇನ್ನೊಂದರ ಮುಂದೆ ಸಾಹುಕಾರರ ಅಳಿಯ. ನಡುವೆ ಸಾಹುಕಾರರ ಹೆಂಡತಿ, ತೊಡೆಯ ಮೇಲೆ ಬೇಳೆಯ ಮೊರ, ಕೈಯಲ್ಲಿ ಫೋನು. ಎಡಗೈಯಲ್ಲಿ ಬೇಳೆ ಆರಿಸುತ್ತ ಬಲಗೈ ಬೆರಳಿನಿಂದ ಪರದೆ ಒತ್ತುತ್ತಲೇ ಇದ್ದರು.

"ಏನು ಮಾಡಾಕತ್ತೀರಿ ಅಮ್ಮಾರ?"

"ಹೋದ ವರ್ಷದ ಚೀಟಿ ಎಲ್ಲಾ ತೆರೀತೀನ್ವಾ, ಮುಚ್ಚತೀನಿ. ಮತ್ತ ತೆರೀತೀನಿ. ನಮ್ಮ ಮನ್ಯಾನವ್ರು ಊಟಕ್ಕ ಹೋಗ್ಯಾರ, ಬರೋತನಕ ಹಿಡೀಬೇಕು. ಕೈ ಬಿಟ್ರ ಮೆಟ್ರಿಯವರ ಕಡೆ ಹರದು ಹೋಗತೈತಂತಲ್ಲ."

ಗೌಡರಿಗೆ ಫೋನ್ ಮಾಡಿದೆ. ಅಲ್ಲಿ ಅವರ ಮನೆಮಂದಿಯೆಲ್ಲ ಬೆಳಿಗ್ಗೆಯಿಂದ ಇದೇ ಕೆಲಸಕ್ಕೆ ಕೂತಿದ್ದರು. "ಅವರು ಬಿಡೋತನಕ ನಾವೂ ಬಿಡಂಗಿಲ್ರಿ," ಅಂದರು.

ಅಷ್ಟರಲ್ಲಿ ಸಾಹುಕಾರರು ಮೀಸೆ ಒರೆಸಿಕೊಳ್ಳುತ್ತ ಬಂದರು. ಹೊರಗೆ ಹಾರನ್ನುಗಳ ಮೇಳ. ಟ್ರ್ಯಾಕ್ಟರ್ ಸಾಲಿನ ಬಾಲದ ಹತ್ತಿರ ಗಂಗಾವತಿ ಬಸ್ಸಿನ ಮೂತಿ ಆಗಲೇ ಕಾಣಿಸುತ್ತಿತ್ತು.

"ನಿಂತೈತ್ರಿ ಮೇಡಂ. ನಾ ಹೇಳಿದ ಮಾತು ನೆನಪೈತಲ್ರಿ?"

"ನೀವೆಲ್ಲಾ ಒಂದು ಸಲ ಕೈ ಬಿಡ್ರಿ, ಈಗಿಂದೀಗ ಸರಿ ಆಗತೈತಿ."

"ಅವರು ಮೊದಲು ಬಿಡಲಿ."

ನನಗೆ ಅಳು ಮತ್ತು ಸಿಟ್ಟು ಒಟ್ಟಿಗೇ ಬಂತು. ಟ್ಯೂಷನ್ನಿನ ಮಕ್ಕಳು ಕಣ್ಣ ಮುಂದೆ ಬಂದರು. ಭತ್ತದ ಚೀಲದ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದು ಆ ಸುಡುಗಾಡು ನಿಯಮ ಕಿತ್ತುಹಾಕಿದೆ. ಅವರವರ ಪಾಲು ಅವರವರಿಗೆ, ಯಾರದ್ದೂ ಯಾರಿಗೂ ಹೋಗುವುದಿಲ್ಲ ಅಂದೆ. ಸಾಹುಕಾರರು ನಂಬಲಿಲ್ಲ.

"ಗೇಟು ಎಲ್ಲೈತ್ರಿ? ತೋರಿಸ್ರಿ."

ಇಲ್ಲದ ಗೇಟನ್ನು ಎಲ್ಲಿಂದ ತೋರಿಸಲಿ? ಗುಮಾಸ್ತರ ಫೋನಿನಲ್ಲಿ ಕಾಲುವೆಯ ಗೇಟಿನ ಫೋಟೋ ಒಂದಿತ್ತು. ಅದನ್ನೇ ತೆಗೆದು ಸಾಹುಕಾರರ ಪರದೆಯ ಮೇಲೆ ಕೂರಿಸಿ, ಕೆಳಗೆ ದಪ್ಪ ಅಕ್ಷರದಲ್ಲಿ 'ನಿಮ್ಮ ಗೇಟು ಮುಚ್ಚಿದೆ' ಅಂತ ಬರೆದೆ. ಸಾಹುಕಾರರು ಕನ್ನಡಕ ಹಾಕಿಕೊಂಡು ಹತ್ತಿರ ಬಂದು ನೋಡಿದರು. ಮುಖ ಸಣ್ಣದಾಯಿತು.

"ಈ ಗೇಟು ಸೋರತೈತ್ರಿ. ನನಗ ಗೊತ್ತೈತಿ. ಬ್ಯಾರೇದು ಹಾಕ್ರಿ."

ಸೋರದ ಗೇಟೊಂದನ್ನು ಹುಡುಕಿ, ಅವರಿಂದ ಪಾಸು ಮಾಡಿಸಿಕೊಂಡು, ಎಲ್ಲ ಮಿಲ್ಲಿನವರ ಪರದೆಗೂ ಹಾಕಿದೆ. ಸಾಹುಕಾರರ ಹೆಂಡತಿ ಫೋನು ಕೆಳಗಿಟ್ಟು ಎರಡೂ ಕೈಯಲ್ಲಿ ಬೇಳೆ ಆರಿಸತೊಡಗಿದರು. ಮೆಟ್ರಿಯಲ್ಲೂ ಕೈ ಬಿಟ್ಟರು. ಚೀಟಿಗಳು ಬುಳುಬುಳು ಬಂದವು. ಗಂಗಾವತಿ ಬಸ್ಸಿನ ಡ್ರೈವರು ಹಾರನ್ ಹೊಡೆದು ದಾಟಿಸಿಕೊಂಡು ಹೋದರು. ಸಾಹುಕಾರರು ಮಾತ್ರ ಬಳ್ಳಾರಿಯವರ ಕಡೆ ಹೋಗುವುದೋ ಬಿಡುವುದೋ ಅನ್ನುವುದನ್ನು ಬಾಯಿಬಿಟ್ಟು ಹೇಳಲಿಲ್ಲ.

ಬಾಗಿಲು ಮುಚ್ಚಿ ಆಡಿದ ಮಾತು

ಕೆಲವು ದಿನ ಬಿಟ್ಟು ಸಾಹುಕಾರರೇ ಹೊಸಪೇಟೆಗೆ ಬಂದರು. ಬರ್‍ರಿ, ಕುಂದ್ರಿ ಅಂತ ಕುರ್ಚಿ ಕೊಟ್ಟೆವು. ಯಜಮಾನರು ಅವತ್ತು ಕೇಳದೆಯೇ ಫ್ಯಾನ್ ಹಾಕಿದರು, ಅದೂ ಜೋರಾಗಿ.

"ಮೊದಲ ದಿನದ್ದು ನಿಂತಿದ್ದು ಅಲ್ರಿ, ನಾವು ಹಿಡಿದಿದ್ದು," ಅಂದರು ಸಾಹುಕಾರರು. "ಅದನ್ನ ಬಿಡ್ರಿ. ಕೆಲಸ ನಿಮ್ಮ ಹತ್ರನ ಇರಲಿ. ಆದ್ರ ಒಂದು ಷರತ್ತು ಐತಿ. ಆ ಬಾಗಲಾ ಮುಚ್ಚರಿ."

ಮುಚ್ಚಿದೆ. ಅವರು ಕುರ್ಚಿ ಮುಂದಕ್ಕೆಳೆದು ದನಿ ಇಳಿಸಿದರು.

"ಮೆಟ್ರಿ ಗೌಡ್ರ ಮಿಲ್ಲು ಮಧ್ಯಾಹ್ನ ಖಾಲಿ ಇರತೈತಿ. ಅವರ ಪಾಲು ಸುಮ್ಕ ನಿಂತಿರತೈತಿ. ಅವರ ಗೇಟಿಗೆ ಸಣ್ಣದೊಂದು ಕಿಂಡಿ ಮಾಡಿ ನಮ್ಮ ಕಡೆ ತಿರುಗಿಸಾಕ ಆಗಂಗಿಲ್ಲೇನ್ರಿ? ಯಾರಿಗೂ ಗೊತ್ತಾಗಬಾರದು."

ನಾನು ಯಜಮಾನರ ಮುಖ ನೋಡಿದೆ. ಯಜಮಾನರು ಫ್ಯಾನ್ ನೋಡಿದರು. ಯಾಕೆಂದರೆ ಅವತ್ತು ಬೆಳಿಗ್ಗೆ ಮೆಟ್ರಿಯ ಗೌಡರು ಅದೇ ಕುರ್ಚಿಯಲ್ಲಿ ಕೂತು, ಅದೇ ಬಾಗಿಲು ಮುಚ್ಚಿಸಿ, ಸಾಹುಕಾರರ ಗೇಟಿಗೆ ಅದೇ ಕಿಂಡಿ ಕೇಳಿ ಹೋಗಿದ್ದರು. ಅವರದ್ದೂ ಅದೇ ಷರತ್ತು.

ಯಜಮಾನರು ಕಣ್ಣು ಮುಚ್ಚಿ ದೇವರನ್ನು ನೆನೆದರು. ಆಮೇಲೆ, "ಸಾಹುಕಾರ್ರು ಹೇಳಿದಂಗ ಮಾಡಿಕೊಡಮ್ಮ," ಅಂದರು.

ಮಾಡಿಕೊಟ್ಟೆ. ಅವತ್ತು ಕಂಪ್ಲಿಯಲ್ಲಿ ಕಿತ್ತುಹಾಕಿದ್ದ ನನ್ನ ಹಳೇ ನಿಯಮವನ್ನೇ ತಂದು ಮತ್ತೆ ಹಾಕಿದೆ. ಬಳಸದಿದ್ದಾಗ ಪಕ್ಕದವರಿಗೆ ಹೋಗುವುದು, ಬೇಕಾದಾಗ ತಿರುಗಿ ಬರುವುದು, ಒಂದಕ್ಷರ ಬದಲಿಸಲಿಲ್ಲ. ಪರದೆಯ ಮೇಲಿನ ಮುಚ್ಚಿದ ಗೇಟು ಹಾಗೇ ಇದೆ. ಪಕ್ಕದವರ ಪಾಲು ಬರುವಾಗ ಮಾತ್ರ ಅದರ ಮೂಲೆಯಲ್ಲಿ ಒಂದು ಸಣ್ಣ ಹಸಿರು ಚುಕ್ಕೆ ಮೂಡುತ್ತದೆ.

ಅಲ್ಲಿಂದ ಮುಂದೆ ಆ ಸುಗ್ಗಿ ಒಂದು ಗಳಿಗೆಯೂ ನಿಲ್ಲದೆ ಮುಗಿಯಿತು. ಕಂಪ್ಲಿ ನಮ್ಮಲ್ಲೇ ಉಳಿಯಿತು. ನನಗೆ ಟ್ಯೂಷನ್ ತಪ್ಪಿತು. ಈಗಲೂ ಮಧ್ಯಾಹ್ನ ಆಗಾಗ ಸಾಹುಕಾರರು ಫೋನ್ ಮಾಡಿ ಪಿಸುಗುಟ್ಟುತ್ತಾರೆ.

"ಹಸರು ಚುಕ್ಕಿ ಬಂತ್ರಿ ಮೇಡಂ. ಗೌಡ್ರಿಗೆ ಗೊತ್ತಾಗಿಲ್ಲಲ್ರಿ?"

"ಇಲ್ರಿ," ಅನ್ನುತ್ತೇನೆ.

"ಪಾಪ," ಅಂದು ಫೋನ್ ಇಡುತ್ತಾರೆ. ಸ್ವಲ್ಪ ಹೊತ್ತಿಗೆ ಗೌಡರ ಫೋನು ಬರುತ್ತದೆ. ಅವರೂ ಪಿಸುಗುಟ್ಟಿ ಅದನ್ನೇ ಕೇಳುತ್ತಾರೆ, ನಾನೂ ಇಲ್ರಿ ಅನ್ನುತ್ತೇನೆ, ಅವರೂ ಪಾಪ ಅನ್ನುತ್ತಾರೆ.